ಮಿದುಳಿನ ಅಭಿಧಮನಿಗಳ ತಡೆ ಮತ್ತು ತಲೆಬುರುಡೆಯೊಳಗಿನ ಒತ್ತಡ

ಕಿಕ್ಕೇರಿಯ ಕೆರೆಯ ಏರಿಯ ಮೇಲೆ ಓಡಾಡಿದವರೆಲ್ಲರೂ ಬಲ್ಲ ಸಂಗತಿಯೊಂದಿದೆ. ಕೆರೆಗೆ ಎಷ್ಟು ನೀರು ಬರುತ್ತದೆ ಎಂಬುದಷ್ಟೇ ಏರಿಯ ಭದ್ರತೆಯನ್ನು ನಿರ್ಧರಿಸುವುದಿಲ್ಲ. ಬಂದ ನೀರಿಗೆ ಹೊರಹೋಗುವ ದಾರಿ ಸರಾಗವಾಗಿದೆಯೇ ಎಂಬುದೂ ಅಷ್ಟೇ ಮುಖ್ಯ. ಕೋಡಿಯ ಬಾಯಲ್ಲಿ ಹೂಳು ತುಂಬಿ, ಮುಳ್ಳುಕಂಟಿ ಬೆಳೆದು ಅಡ್ಡಗಟ್ಟಿದರೆ ಸಾಧಾರಣ ಮಳೆಯೂ ಏರಿಯನ್ನು ಒತ್ತತೊಡಗುತ್ತದೆ. ಪೂರ್ವಿಕರು ತೂಬನ್ನು ಕಾಯ್ದಷ್ಟೇ ಆಸ್ಥೆಯಿಂದ ಕೋಡಿಯನ್ನೂ ಕಾಯ್ದುಕೊಂಡು ಬಂದದ್ದು ಈ ಕಾರಣದಿಂದಲೇ.

ಮಾನವನ ತಲೆಬುರುಡೆಯೊಳಗೂ ಇಂಥದೇ ಏರ್ಪಾಡಿದೆ. ಮಿದುಳಿಗೆ ರಕ್ತವನ್ನು ತರುವ ಅಪಧಮನಿಗಳ ವಿಷಯ ಸದ್ಭಕ್ತರಲ್ಲಿ ಅನೇಕರಿಗೆ ತಿಳಿದಿದೆ. ಲಕ್ವ ಎಂದೊಡನೆ ನಾವೆಲ್ಲ ನೆನೆಯುವುದು ಅವುಗಳನ್ನೇ. ಆದರೆ ಬಂದ ರಕ್ತವನ್ನು ಮರಳಿ ಹೃದಯದ ಕಡೆಗೆ ಒಯ್ಯುವ ಅಭಿಧಮನಿಗಳ ಬಗ್ಗೆ ಮಾತು ಕಡಿಮೆ. ಅವು ಕಿರಿದಾದರೂ ಕಟ್ಟಿಕೊಂಡರೂ ತಲೆಯೊಳಗಿನ ಒತ್ತಡ ಏರುತ್ತದೆ. ಈ ಬಾಧೆ ವೃದ್ಧರಿಗಿಂತ ಹೆಚ್ಚಾಗಿ ಯುವತಿಯರನ್ನೂ ಬಾಣಂತಿಯರನ್ನೂ ಹಿಡಿಯುತ್ತದೆ. ಅಲಕ್ಷಿಸಿದರೆ ಕಣ್ಣಿನ ಬೆಳಕನ್ನು, ಕೆಲವೊಮ್ಮೆ ಪ್ರಾಣವನ್ನೇ ತೆಗೆದುಕೊಳ್ಳುತ್ತದೆ. ಸಕಾಲದಲ್ಲಿ ಗುರುತಿಸಿದರೆ ಎರಡನ್ನೂ ಉಳಿಸಿಕೊಳ್ಳಬಹುದಾದ್ದರಿಂದ ಈ ಸಂಚಿಕೆಯಲ್ಲಿ ಇದನ್ನೇ ತುಸು ವಿಸ್ತಾರವಾಗಿ ಹೇಳಲು ಉದ್ದೇಶಿಸಿದ್ದೇವೆ.

ತಲೆಬುರುಡೆಯು ಮೂಳೆಯ ಗಟ್ಟಿ ಡಬ್ಬಿ. ಕೂಸಿನಲ್ಲಿ ನೆತ್ತಿ ಮೆತ್ತಗಿರುತ್ತದೆ. ಬೆಳೆದ ಮೇಲೆ ಅದಕ್ಕೆ ಹಿಗ್ಗುವ ಶಕ್ತಿಯಿಲ್ಲ. ಒಳಗಿರುವುದು ಮೂರೇ ಪದಾರ್ಥ: ಮಿದುಳು, ರಕ್ತ ಮತ್ತು ಮಿದುಳನ್ನೂ ಬೆನ್ನುಹುರಿಯನ್ನೂ ಸುತ್ತುವರಿದಿರುವ ತಿಳಿನೀರಿನಂಥ ಮೇರುದ್ರವ. ಈ ಮೂರರಲ್ಲಿ ಒಂದು ಹೆಚ್ಚಿದರೆ ಉಳಿದವು ಜಾಗ ಬಿಟ್ಟುಕೊಡಬೇಕು; ಬಿಟ್ಟುಕೊಡಲು ಇನ್ನು ಜಾಗವಿಲ್ಲವೆಂದಾಗ ಒತ್ತಡವು ಏರುತ್ತದೆ. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಮನ್ರೋ 1783ರಲ್ಲಿಯೂ ಜಾರ್ಜ್ ಕೆಲ್ಲಿ 1824ರಲ್ಲಿಯೂ ಪ್ರತಿಪಾದಿಸಿದ ಈ ನಿಯಮವನ್ನು ಇಂದಿಗೂ ವೈದ್ಯ ವಿದ್ಯಾರ್ಥಿಗಳು ಮೊದಲ ಪಾಠವಾಗಿ ಕಲಿಯುತ್ತಾರೆ.

ಮೇರುದ್ರವವು ದಿನವೊಂದಕ್ಕೆ ಸುಮಾರು ಅರ್ಧ ಲೀಟರಿನಷ್ಟು ಉತ್ಪತ್ತಿಯಾಗುತ್ತದೆ. ಆದರೆ ಯಾವುದೇ ಹೊತ್ತಿನಲ್ಲಿ ತಲೆ ಮತ್ತು ಬೆನ್ನಿನಲ್ಲಿ ಇರುವುದು 150 ಮಿಲಿಲೀಟರ್ ಮಾತ್ರ. ಅಂದರೆ ದಿನಕ್ಕೆ ಮೂರು ನಾಲ್ಕು ಸಲ ಹಳೆಯದು ಹೋಗಿ ಹೊಸದು ತುಂಬುತ್ತದೆ. ಹಳೆಯ ದ್ರವದ ಬಹುಪಾಲು ಎಲ್ಲಿಗೆ ಹೋಗುತ್ತದೆ? ಅದೂ ಅಭಿಧಮನಿಗಳಿಗೇ. ಹೃದಯವು ಹೊರಹಾಕುವ ರಕ್ತದಲ್ಲಿ ಸುಮಾರು ಶೇಕಡ 15ರಷ್ಟು, ಎಂದರೆ ನಿಮಿಷಕ್ಕೆ ಮುಕ್ಕಾಲು ಲೀಟರಿನಷ್ಟು, ಮಿದುಳಿಗೆ ಹೋಗಿ ಅದೇ ಅಭಿಧಮನಿಗಳ ಮೂಲಕ ಮರಳಬೇಕು. ಹೀಗೆ ರಕ್ತಕ್ಕೂ ಮೇರುದ್ರವಕ್ಕೂ ಒಂದೇ ಕೋಡಿ. ಈ ವ್ಯಾಧಿಯ ಒಗಟೆಲ್ಲವೂ ಈ ಒಂದು ಮಾತಿನಲ್ಲಿ ಅಡಗಿದೆ.

ಆ ಕೋಡಿಯ ರಚನೆ ಹೀಗಿದೆ. ನೆತ್ತಿಯ ಮೂಳೆಯ ಅಡಿಯಲ್ಲಿ, ಮಿದುಳಿನ ಹೊರಪೊರೆಯ ಪದರಗಳ ನಡುವೆ, ಹಣೆಯಿಂದ ಹಿಂದಲೆಯವರೆಗೆ ದೊಡ್ಡ ಕಾಲುವೆಯೊಂದು ಸಾಗುತ್ತದೆ. ಹಿಂದಲೆಯಲ್ಲಿ ಅದು ಎಡಕ್ಕೂ ಬಲಕ್ಕೂ ಕವಲೊಡೆದು, ಕಿವಿಗಳ ಹಿಂದೆ ಬಾಗಿ, ಕುತ್ತಿಗೆಯ ದೊಡ್ಡ ಅಭಿಧಮನಿಗಳಿಗೆ ಸೇರುತ್ತದೆ. ಈ ಕಾಲುವೆಗಳನ್ನು ವೈದ್ಯರು ಸೈನಸ್ ಎಂದು ಕರೆಯುವುದರಿಂದ ಒಂದು ಗೊಂದಲವೂ ಹುಟ್ಟಿಕೊಂಡಿದೆ. ಸ್ಕ್ಯಾನ್ ವರದಿಯಲ್ಲಿ ಆ ಪದವನ್ನು ಕಂಡು, ಇದು ಮೂಗಿನ ಶೀತದ ಸೈನಸ್ ಎಂದು ಭಾವಿಸಿ ಹಬೆ ತೆಗೆದುಕೊಂಡು ಸುಮ್ಮನಾಗುವವರುಂಟು. ಮೂಗಿನ ಸೈನಸ್ ಗಾಳಿ ತುಂಬಿದ ಪೊಟರೆ. ಇದು ರಕ್ತ ಹರಿಯುವ ಕಾಲುವೆ. ಹೆಸರೊಂದನ್ನು ಬಿಟ್ಟರೆ ಎರಡಕ್ಕೂ ಸಂಬಂಧವಿಲ್ಲ.

ಕೆಲವರಲ್ಲಿ ಕಿವಿಯ ಹಿಂದಿನ ತಿರುವಿನ ಬಳಿ ಈ ಕಾಲುವೆ ಕಿರಿದಾಗಿರುತ್ತದೆ. ತಲೆಯಲ್ಲಿ ಗೆಡ್ಡೆಯಿಲ್ಲ, ಸೋಂಕಿಲ್ಲ, ರಕ್ತಸ್ರಾವವಿಲ್ಲ; ಆದರೂ ಒತ್ತಡ ಹೆಚ್ಚಾಗಿರುವ ರೋಗಿಗಳನ್ನು ವೈದ್ಯರು ನೂರಕ್ಕೂ ಹೆಚ್ಚು ವರ್ಷಗಳಿಂದ ನೋಡುತ್ತ ಬಂದಿದ್ದಾರೆ. ಜರ್ಮನಿಯ ಮ್ಯಾಕ್ಸ್ ನೋನ್ನೆ 1904ರಲ್ಲಿ ಇದಕ್ಕೆ ಹುಸಿಗೆಡ್ಡೆ ಎಂಬರ್ಥದ ಹೆಸರಿಟ್ಟನು, ಏಕೆಂದರೆ ಲಕ್ಷಣಗಳೆಲ್ಲ ಗೆಡ್ಡೆಯವು, ಗೆಡ್ಡೆ ಮಾತ್ರ ಕಾಣದು. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಂಥ 29 ರೋಗಿಗಳ ಅಭಿಧಮನಿಗಳನ್ನು ವಿಶೇಷ ಎಂಆರ್ ಚಿತ್ರಣದಿಂದ ನೋಡಿದಾಗ 27 ಮಂದಿಯಲ್ಲಿ ಎರಡೂ ಪಾರ್ಶ್ವಗಳ ಹರಿವಿಗೆ ಅಡ್ಡಿಯಾಗುವಂಥ ಕಿರಿದು ಕಂಡಿತು; ಹೋಲಿಕೆಗೆ ತೆಗೆದುಕೊಂಡ 59 ಮಂದಿಯಲ್ಲಿ ಅದು ಕಂಡದ್ದು ನಾಲ್ವರಲ್ಲಿ ಮಾತ್ರ.

ಹಾಗಾದರೆ ಕಿರಿದಾದುದರಿಂದ ಒತ್ತಡ ಏರಿತೋ, ಒತ್ತಡ ಏರಿದ್ದರಿಂದ ಕಾಲುವೆ ಅಮುಕಿ ಕಿರಿದಾಯಿತೋ? ಈ ಪ್ರಶ್ನೆಯನ್ನು ಕುರಿತು ತಜ್ಞರು ಬಹಳ ಕಾಲ ವಾದಿಸಿದ್ದಾರೆ. ಬೆನ್ನಿನಿಂದ ಮೇರುದ್ರವವನ್ನು ಸ್ವಲ್ಪ ತೆಗೆದೊಡನೆ ಅನೇಕರಲ್ಲಿ ಅಭಿಧಮನಿಯ ಒತ್ತಡವೂ ಇಳಿಯುತ್ತದೆ ಎಂಬುದು ಎರಡನೆಯ ಪಕ್ಷಕ್ಕೆ ಬಲ ಕೊಡುತ್ತದೆ. ಕಿರಿದಾದಲ್ಲಿ ಲೋಹದ ಜಾಲರಿಯಿಟ್ಟು ಅಗಲಿಸಿದರೆ ಒತ್ತಡ ಇಳಿಯುತ್ತದೆ ಎಂಬುದು ಮೊದಲ ಪಕ್ಷಕ್ಕೆ. ನಮಗೆ ತೋರುವಂತೆ ಇದು ಬೀಜ-ವೃಕ್ಷ ನ್ಯಾಯ. ದ್ರವದ ಒತ್ತಡ ಕಾಲುವೆಯನ್ನು ಅಮುಕುತ್ತದೆ, ಅಮುಕಿದ ಕಾಲುವೆಯಲ್ಲಿ ರಕ್ತ ನಿಲ್ಲುತ್ತದೆ, ರಕ್ತ ನಿಂತಾಗ ದ್ರವ ಇಳಿಯಲಾರದು, ದ್ರವ ಇಳಿಯದೆ ಒತ್ತಡ ಮತ್ತಷ್ಟು ಏರುತ್ತದೆ. ಚಿಕಿತ್ಸೆಯೆಂದರೆ ಈ ಚಕ್ರವನ್ನು ಎಲ್ಲಾದರೊಂದು ಕಡೆ ಮುರಿಯುವುದು.

ಈ ವ್ಯಾಧಿ ಅಪರೂಪದ್ದು. ಪಾಶ್ಚಾತ್ಯ ದೇಶಗಳ ಲೆಕ್ಕದಂತೆ ವರ್ಷಕ್ಕೆ ಲಕ್ಷ ಮಂದಿಯಲ್ಲಿ ಒಬ್ಬರಿಗೋ ಇಬ್ಬರಿಗೋ ಬರುತ್ತದೆ. ಆದರೆ ತೂಕ ಹೆಚ್ಚಿರುವ, ಹೆರುವ ವಯಸ್ಸಿನ ಹೆಣ್ಣುಮಕ್ಕಳನ್ನು ಮಾತ್ರ ಎಣಿಸಿದರೆ ಆ ಸಂಖ್ಯೆ ಹತ್ತು ಪಟ್ಟಿಗೂ ಮಿಗಿಲಾಗುತ್ತದೆ. ಕೆಲವೇ ತಿಂಗಳುಗಳಲ್ಲಿ ಏಕಾಏಕಿ ತೂಕ ಏರಿದವರಲ್ಲಿ ಹೆಚ್ಚು. ರಕ್ತಹೀನತೆಯೂ ಇದಕ್ಕೆ ಎಡೆ ಮಾಡಿಕೊಡಬಲ್ಲದು. ಮೊಡವೆಗೆಂದು ಕೊಡುವ ಎ ಜೀವಸತ್ವ ಜಾತಿಯ ಗುಳಿಗೆಗಳು, ಡಾಕ್ಸಿಸೈಕ್ಲಿನ್, ಮಿನೋಸೈಕ್ಲಿನ್ ಮೊದಲಾದ ಔಷಧಗಳು, ಬಹುಕಾಲ ತೆಗೆದುಕೊಂಡ ಸ್ಟಿರಾಯ್ಡನ್ನು ತಟ್ಟನೆ ನಿಲ್ಲಿಸುವುದು ಕೂಡ ಕಾರಣವಾಗಬಹುದು. ಮೊಡವೆ ಗುಳಿಗೆಯನ್ನು ಗೆಳತಿಯ ಚೀಟಿ ನೋಡಿ ಕೊಳ್ಳುವ ಹೆಣ್ಣುಮಕ್ಕಳಿಗೆ ಮನೆಯ ಹಿರಿಯರು ಈ ಮಾತನ್ನು ತಿಳಿಸಬೇಕು.

ಇನ್ನು ಲಕ್ಷಣಗಳು. ತಲೆನೋವು ಯಾರಿಗಿಲ್ಲ? ಬಿಸಿಲು, ಹಸಿವು, ನಿದ್ರೆಗೇಡು, ಚಿಂತೆ, ಅರೆತಲೆನೋವು ಇವುಗಳಿಂದ ಬರುವ ನೋವೇ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು. ಆದ್ದರಿಂದ ತಲೆನೋವು ಬಂದವರೆಲ್ಲ ಹೆದರಬೇಕಾಗಿಲ್ಲ. ಒತ್ತಡದ ತಲೆನೋವಿಗೆ ಅದರದೇ ನಡೆಯಿದೆ. ಬೆಳಗಿನ ಜಾವ, ಮಲಗಿದ್ದಾಗ ಅದು ಹೆಚ್ಚು. ಕೆಮ್ಮಿದರೆ, ಮುಕ್ಕಿದರೆ, ಬಾಗಿದರೆ ಹೆಚ್ಚು. ಅಂಗಳ ಗುಡಿಸಲು ಬಾಗಿ ಎದ್ದಾಗ, ರಂಗೋಲಿ ಬಿಟ್ಟು ನಿಂತಾಗ, ಗದ್ದುಗೆಗೆ ನಮಸ್ಕರಿಸಿ ತಲೆಯೆತ್ತಿದಾಗ ಕಣ್ಣಿಗೆ ಕತ್ತಲೆ ಕವಿದು ಕೆಲವು ಕ್ಷಣಗಳಲ್ಲಿ ಸರಿಯಾಗುತ್ತದೆ. ರಾತ್ರಿ ನಿಶ್ಶಬ್ದದಲ್ಲಿ, ನಾಡಿ ಬಡಿದಂತೆಲ್ಲ ಕಿವಿಯೊಳಗೆ ತಿದಿಯೊತ್ತಿದಂಥ ಸುಂಯ್ ಎಂಬ ಸದ್ದು ಕೇಳುತ್ತದೆ. ಕಿರಿದಾದ ಕಾಲುವೆಯಲ್ಲಿ ರಕ್ತ ನುಗ್ಗುವ ಸದ್ದೇ ಅದು. ದೂರದ ವಸ್ತುಗಳು ಎರಡೆರಡಾಗಿ ಕಾಣುವುದೂ ಉಂಟು. ಕಣ್ಣು ಕತ್ತಲೆ ಬರುವುದನ್ನು ನಮ್ಮವರು ಪಿತ್ತವೆಂದು ತಳ್ಳಿಹಾಕುವುದೇ ಹೆಚ್ಚು; ಪಿತ್ತವನ್ನು ದೂರುವ ಮೊದಲು ಕಣ್ಣಿನ ಹಿಂಪರದೆಯನ್ನೊಮ್ಮೆ ತೋರಿಸಿ ಬರಬೇಕೆಂಬುದು ನಮ್ಮ ಬಿನ್ನಹ.

ಇಲ್ಲಿ ಕಣ್ಣು ಏಕೆ ಬಂತು ಎಂದು ಕೇಳಬಹುದು. ಕಣ್ಣಿನಿಂದ ಮಿದುಳಿಗೆ ಹೋಗುವ ನರವನ್ನು ಸುತ್ತಿಕೊಂಡು ಮೇರುದ್ರವವೂ ಕಣ್ಣಗುಡ್ಡೆಯ ಹಿಂದಿನವರೆಗೆ ಬರುತ್ತದೆ. ತಲೆಯೊಳಗೆ ಒತ್ತಡ ಏರಿದಾಗ ಆ ಒತ್ತಡ ಅಲ್ಲಿಗೂ ತಲುಪಿ ನರದ ತುದಿ ಊದಿಕೊಳ್ಳುತ್ತದೆ. 1851ರಲ್ಲಿ ಹೆಲ್ಮ್‌ಹೋಲ್ಟ್ಸ್ ಎಂಬ ಜರ್ಮನ್ ವಿಜ್ಞಾನಿ ಕಣ್ಣಿನ ಒಳಗನ್ನು ನೋಡುವ ಉಪಕರಣವನ್ನು ಲೋಕಕ್ಕೆ ತಿಳಿಸಿದಂದಿನಿಂದ, ಬುರುಡೆಯನ್ನು ತೆರೆಯದೆಯೇ ಒಳಗಿನ ಒತ್ತಡದ ಸುಳಿವನ್ನು ಕಾಣುವ ಕಿಟಕಿಯೊಂದು ವೈದ್ಯರಿಗೆ ದೊರೆತಂತಾಯಿತು. ಕಣ್ಣಿಗೆ ತೊಟ್ಟು ಮದ್ದು ಹಾಕಿ, ಪಾಪೆ ಅಗಲವಾದ ಮೇಲೆ ಕೆಲವು ನಿಮಿಷ ನೋಡಿದರೆ ಸಾಕು. ನೋವಿಲ್ಲ, ಹೆಚ್ಚು ಖರ್ಚಿಲ್ಲ. ಕಣ್ಣಿನ ವೈದ್ಯರಿರುವ ಯಾವುದೇ ಆಸ್ಪತ್ರೆಯಲ್ಲಿಯೂ ಇದನ್ನು ಮಾಡುತ್ತಾರೆ. ಆದರೆ ಕನ್ನಡಕದ ನಂಬರು ನೋಡುವ ಪರೀಕ್ಷೆಯೇ ಬೇರೆ, ಇದೇ ಬೇರೆ ಎಂಬುದನ್ನು ನೆನಪಿಡಬೇಕು. ಅಂಗಡಿಯಲ್ಲಿ ಅಕ್ಷರದ ಫಲಕ ಓದಿಸಿ ಕೊಟ್ಟ ಕನ್ನಡಕದಿಂದ ಊದಿದ ನರ ಇಳಿಯದು. ಈ ರೋಗದಲ್ಲಿ ದೃಷ್ಟಿ ಅಂಚಿನಿಂದ ಸವೆಯುತ್ತದೆ; ನಡುವಿನ ದೃಷ್ಟಿ ಕೊನೆಯವರೆಗೂ ಚೆನ್ನಾಗಿದ್ದು, ಅಕ್ಷರಗಳೆಲ್ಲ ಸರಿಯಾಗಿ ಕಂಡು, ರೋಗಿಯೂ ಮನೆಯವರೂ ಮೋಸಹೋಗುತ್ತಾರೆ. ಹೋದ ದೃಷ್ಟಿ ಬಹುಮಟ್ಟಿಗೆ ಮರಳಿ ಬರುವುದಿಲ್ಲ.

ನರ ಊದಿರುವುದು ಕಂಡರೆ ಮೊದಲು ರಕ್ತದೊತ್ತಡವನ್ನು ನೋಡಿ, ಬಳಿಕ ಮಿದುಳಿನ ಎಂಆರ್‌ಐ ಚಿತ್ರಣವನ್ನೂ ಅಭಿಧಮನಿಗಳನ್ನು ತೋರಿಸುವ ಎಂಆರ್ ವೀನೋಗ್ರಾಮನ್ನೂ ಮಾಡಿಸುತ್ತಾರೆ. ಅನಂತರ ಸೊಂಟದ ಬಳಿ ಸೂಜಿಯಿಂದ ಮೇರುದ್ರವದ ಒತ್ತಡವನ್ನು ಅಳೆಯುತ್ತಾರೆ. ವಯಸ್ಕರಲ್ಲಿ ಅದು 25 ಸೆಂಟಿಮೀಟರ್ ನೀರಿನ ಮಟ್ಟಕ್ಕಿಂತ ಹೆಚ್ಚಿದ್ದರೆ ಏರಿದ ಒತ್ತಡವೆಂದು ಲೆಕ್ಕ. ಬೆನ್ನಿಗೆ ಸೂಜಿ ಎಂದೊಡನೆ, ಕಾಲು ಬಿದ್ದುಹೋಗುತ್ತದೆ ಎಂಬ ಭಯದಿಂದ ರೋಗಿಯನ್ನು ಕರೆದುಕೊಂಡು ಹೊರಟುಬಿಡುವ ಬಂಧುಗಳಿದ್ದಾರೆ. ಬೆನ್ನುಹುರಿ ಮುಗಿದ ಬಳಿಕದ ಕೆಳಭಾಗದಲ್ಲಿ ಸೂಜಿ ಹಾಕುವುದರಿಂದ ಈ ಭಯಕ್ಕೆ ಆಧಾರವಿಲ್ಲ. ದ್ರವ ತೆಗೆದ ದಿನವೇ ಅನೇಕರ ತಲೆಯ ಭಾರ ಇಳಿಯುವುದೂ ಉಂಟು, ಅದು ತಾತ್ಕಾಲಿಕವಾದರೂ.

ಚಿಕಿತ್ಸೆಯಲ್ಲಿ ಮೊದಲ ಸ್ಥಾನ ತೂಕ ಇಳಿಸುವುದಕ್ಕೆ. ದೇಹತೂಕದ ಶೇಕಡ 15ರವರೆಗೆ ಇಳಿಸಿದಲ್ಲಿ ರೋಗವೇ ಶಮನವಾಗುವ ಸಂಭವವುಂಟೆಂದು ತಜ್ಞರು ಹೇಳುತ್ತಾರೆ. ಎಂದರೆ 80 ಕಿಲೋ ತೂಗುವವರು ಹನ್ನೆರಡು ಕಿಲೋ ಇಳಿಸಬೇಕು. ಕಬ್ಬಿನ ಗದ್ದೆಗಳ, ಆಲೆಮನೆಗಳ ಸೀಮೆಯವರಾದ ನಮಗೆ ಇದು ಸುಲಭವಲ್ಲ. ದಾಸೋಹದ ಪಾಯಸವನ್ನು ಬಿಡಬೇಕೆಂದು ನಾವು ಹೇಳಲಾರೆವು. ಎರಡನೆಯ ಸಲ ನೀಡಿಸಿಕೊಳ್ಳದಿರಬಹುದು. ಮುದ್ದೆ ಕೆಟ್ಟದ್ದಲ್ಲ, ಮುದ್ದೆಯ ಜೊತೆಗೆ ಅಷ್ಟೇ ಅನ್ನವೂ ಬೇಕೆನ್ನುವುದು ಕೆಟ್ಟದ್ದು. ತೂಕ ಇಳಿಯುವವರೆಗೆ ಕಣ್ಣನ್ನು ಕಾಯಲು ಅಸೆಟಜೋಲಮೈಡ್ ಎಂಬ ಗುಳಿಗೆ ಕೊಡುತ್ತಾರೆ. ಅದು ಮೇರುದ್ರವದ ಉತ್ಪತ್ತಿಯನ್ನು ತಗ್ಗಿಸುತ್ತದೆ. 165 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯಲ್ಲಿ, ತೂಕ ಇಳಿಸುವ ಪಥ್ಯದೊಡನೆ ಈ ಗುಳಿಗೆಯನ್ನೂ ಪಡೆದವರ ದೃಷ್ಟಿ ಪಥ್ಯವೊಂದನ್ನೇ ಮಾಡಿದವರದಕ್ಕಿಂತ ಉತ್ತಮಗೊಂಡಿತು. ಬೆರಳ ತುದಿ ಜುಮುಗುಡುವುದು, ನಾಲಗೆಯ ರುಚಿ ಕೆಡುವುದು ಅದರ ಸಾಮಾನ್ಯ ಉಪದ್ರವ. ಅದಕ್ಕೆ ಹೆದರಿ ತಾವಾಗಿಯೇ ನಿಲ್ಲಿಸಬಾರದು. ಮೂತ್ರಪಿಂಡದಲ್ಲಿ ಕಲ್ಲಿದ್ದವರು, ಬಸುರಿಯರು ವೈದ್ಯರಿಗೆ ಮೊದಲೇ ತಿಳಿಸಬೇಕು. ಗುಳಿಗೆಗೆ ಬಗ್ಗದೆ ದೃಷ್ಟಿ ಕುಸಿಯುತ್ತಿದ್ದರೆ ದ್ರವವನ್ನು ಹೊಟ್ಟೆಯ ಕಡೆಗೆ ಹರಿಸುವ ನಳಿಕೆ ಅಳವಡಿಸುವುದು, ಅಥವಾ ಕಿರಿದಾದ ಅಭಿಧಮನಿಯಲ್ಲಿ ಸ್ಟೆಂಟ್ ಇಡುವುದು ಉಂಟು. ಈ ರೋಗಕ್ಕೆ ಸ್ಟೆಂಟ್ ಇಟ್ಟ ವರದಿ ಇಂಗ್ಲೆಂಡಿನ ಕೇಂಬ್ರಿಜ್‌ನಿಂದ 2002ರಲ್ಲಿ ಬಂದಿತು. ಇಂದು ಬೆಂಗಳೂರಿನಂಥ ನಗರಗಳ ದೊಡ್ಡ ಆಸ್ಪತ್ರೆಗಳಲ್ಲಿಯೂ ಇದು ಸಾಧ್ಯ. ಆದರೆ ಚಿತ್ರದಲ್ಲಿ ಕಿರಿದು ಕಂಡ ಮಾತ್ರಕ್ಕೆ ಸ್ಟೆಂಟ್ ಬೇಕೆಂದಲ್ಲ. ಹುಟ್ಟಿನಿಂದಲೇ ಒಂದು ಪಾರ್ಶ್ವದ ಕಾಲುವೆ ಸಣ್ಣದಾಗಿದ್ದು ಯಾವ ತೊಂದರೆಯೂ ಇಲ್ಲದೆ ಬಾಳುವವರು ಬಹಳ ಮಂದಿ. ಕಿರಿದಾದ ಜಾಗದ ಹಿಂದೆ ಮುಂದೆ ಒತ್ತಡವನ್ನು ಅಳೆದು, ಗಣನೀಯ ವ್ಯತ್ಯಾಸ ಕಂಡರೆ ಮಾತ್ರ ಆ ಮಾತು.

ಇಲ್ಲಿಯವರೆಗೆ ಕೋಡಿ ಕಿರಿದಾದ ಕಥೆಯಾಯಿತು. ಕೋಡಿ ಪೂರ್ತಿ ಕಟ್ಟಿಕೊಳ್ಳುವ ಕಥೆ ಇನ್ನೂ ತೀವ್ರವಾದದ್ದು, ನಮ್ಮ ಗ್ರಾಮಗಳಿಗೆ ಇನ್ನೂ ಹತ್ತಿರವಾದದ್ದು. ಅಭಿಧಮನಿಯ ಕಾಲುವೆಯಲ್ಲಿ ರಕ್ತ ಹೆಪ್ಪುಗಟ್ಟಿದಾಗ ಒತ್ತಡವು ಗಂಟೆ-ದಿನಗಳ ಲೆಕ್ಕದಲ್ಲಿ ಏರುತ್ತದೆ. ತಡೆಯಲಾರದ ತಲೆನೋವು, ವಾಂತಿ, ಫಿಟ್ಸ್, ಕೈಕಾಲಿನ ಸ್ವಾಧೀನ ತಪ್ಪುವುದು, ಮಾತು ತೊದಲುವುದು, ಮಂಪರು ಹೀಗೆ ಒಂದರ ಹಿಂದೊಂದು ಕಾಣಿಸಿಕೊಳ್ಳುತ್ತವೆ. ಹೆರಿಗೆಯಾದ ಮೊದಲ ಎರಡು ಮೂರು ವಾರಗಳಲ್ಲಿ ಇದರ ಭಯ ಹೆಚ್ಚು. ಹೆರಿಗೆಯ ರಕ್ತಸ್ರಾವದಿಂದ ತಾಯಿಯನ್ನು ಕಾಯಲೆಂದು ಪ್ರಕೃತಿಯೇ ಆ ಕಾಲದಲ್ಲಿ ರಕ್ತದ ಹೆಪ್ಪುಗಟ್ಟುವ ಗುಣವನ್ನು ಹೆಚ್ಚಿಸಿರುತ್ತದೆ. ಅದರ ಮೇಲೆ ರಕ್ತಹೀನತೆ, ಸೋಂಕು, ನೀರಿನ ಕೊರತೆ ಸೇರಿದರೆ ಕಾಪಾಡಬೇಕಾದ ಗುಣವೇ ಕೇಡಾಗುತ್ತದೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಈ ವ್ಯಾಧಿಯ ವಿಷಯದಲ್ಲಿ ದೇಶದಲ್ಲಿಯೇ ಮುಂಚೂಣಿಯ ಅಧ್ಯಯನಗಳನ್ನು ನಡೆಸಿದೆ. ರಾಜ್ಯದ ಮೂಲೆಮೂಲೆಯಿಂದ ಹಸಿ ಬಾಣಂತಿಯರನ್ನು ಫಿಟ್ಸ್ ಬಂದ ಸ್ಥಿತಿಯಲ್ಲಿ ಅಲ್ಲಿಗೆ ತರುತ್ತಿದ್ದರು. ಮಿದುಳಿನಲ್ಲಿ ರಕ್ತವೂ ಒಸರಿರುವಾಗ ರಕ್ತವನ್ನು ತೆಳುವಾಗಿಸುವ ಹೆಪಾರಿನ್ ಕೊಡಬಹುದೇ ಎಂಬುದು ಆಗ ವೈದ್ಯಲೋಕದ ದೊಡ್ಡ ಪ್ರಶ್ನೆಯಾಗಿತ್ತು. ಮೇಲ್ನೋಟಕ್ಕೆ ಅದು ಉರಿವ ಬೆಂಕಿಗೆ ಎಣ್ಣೆ ಸುರಿದಂತೆ. ಆದರೆ ರಕ್ತ ಒಸರಿರುವುದು ಹೊರದಾರಿ ಕಟ್ಟಿರುವುದರಿಂದ. ಹೆಪ್ಪು ಬೆಳೆಯದಂತೆ ತಡೆದು ದಾರಿ ಬಿಟ್ಟುಕೊಟ್ಟರೆ ಒಸರುವುದೂ ನಿಲ್ಲಬೇಕಲ್ಲವೇ? 1991ರಲ್ಲಿ ಜರ್ಮನಿಯ ವೈದ್ಯರು ಇಪ್ಪತ್ತೇ ರೋಗಿಗಳ ಒಂದು ಪರೀಕ್ಷೆಯನ್ನು ಪ್ರಕಟಿಸಿದರು: ಹೆಪಾರಿನ್ ಪಡೆದ ಹತ್ತು ಮಂದಿಯಲ್ಲಿ ಒಬ್ಬರೂ ಸಾಯಲಿಲ್ಲ, ಪಡೆಯದ ಹತ್ತು ಮಂದಿಯಲ್ಲಿ ಮೂವರು ತೀರಿಕೊಂಡರು. ಬಾಣಂತಿಯರ ವಿಷಯದಲ್ಲಿ ಕಡಿಮೆ ಪ್ರಮಾಣದ ಹೆಪಾರಿನ್ ಕೂಡ ಪ್ರಯೋಜನಕಾರಿ ಎಂದು ನಿಮ್ಹಾನ್ಸ್‌ನ ಡಾ. ಡಿ. ನಾಗರಾಜ ಮತ್ತು ಅವರ ಸಹೋದ್ಯೋಗಿಗಳು 1999ರಲ್ಲಿ ಪ್ರಕಟಿಸಿದರು. ಇಂದು ಈ ರೋಗಕ್ಕೆ ಹೆಪಾರಿನ್ ಮೊದಲ ಮದ್ದು.

ಇದೇ ಸಂಸ್ಥೆಯ ವೈದ್ಯರು 2008ರಲ್ಲಿ ಪ್ರಕಟಿಸಿದ ಮತ್ತೊಂದು ಅಧ್ಯಯನವು ಶಾಕಾಹಾರಿಗಳಾದ ನಮ್ಮ ಭಕ್ತರು ವಿಶೇಷವಾಗಿ ಗಮನಿಸಬೇಕಾದದ್ದು. ಈ ವ್ಯಾಧಿಗೆ ಒಳಗಾದ ಬಾಣಂತಿಯರ ರಕ್ತದಲ್ಲಿ ಹೋಮೋಸಿಸ್ಟೀನ್ ಎಂಬ ಅಂಶ ಹೆಚ್ಚಾಗಿಯೂ ಫೋಲೇಟ್ ಎಂಬ ಜೀವಸತ್ವ ಕಡಿಮೆಯಾಗಿಯೂ ಇರುವುದು ಅಪಾಯದೊಡನೆ ಸೇರಿಕೊಂಡಿದೆಯೆಂದು ಅದರಲ್ಲಿ ಕಂಡುಬಂದಿತು. ಫೋಲೇಟ್ ಇರುವುದು ಸೊಪ್ಪುಗಳಲ್ಲಿ, ಕಾಳುಗಳಲ್ಲಿ. ಹೋಮೋಸಿಸ್ಟೀನನ್ನು ಹದದಲ್ಲಿಡಲು ಬೇಕಾದ ಮತ್ತೊಂದು ಜೀವಸತ್ವ ಬಿ-12. ಶಾಕಾಹಾರಿಗಳಿಗೆ ಅದು ದೊರೆಯುವುದು ಹಾಲು, ಮೊಸರು, ಮಜ್ಜಿಗೆಯಿಂದ ಮಾತ್ರ. ನಮ್ಮ ಬಾಣಂತನದ ಪಥ್ಯ ಏನು ಹೇಳುತ್ತದೆ? ಸಬ್ಬಸಿಗೆಯಂಥ ಒಂದೆರಡನ್ನು ಬಿಟ್ಟು ಬೇರೆ ಸೊಪ್ಪು ಕೂಡದು, ಕಾಳು ವಾಯು, ಮೊಸರು ಶೀತ. ಬಸುರಿನಲ್ಲಿ ಮೊದಲೇ ಬರಿದಾದ ದೇಹಕ್ಕೆ ಬೇಕಾದ ಪದಾರ್ಥಗಳನ್ನೇ ಆರಿಸಿ ಆರಿಸಿ ತಡೆದಂತಾಯಿತು.

ನೀರಿನ ಮಾತಂತೂ ಇನ್ನೂ ಕಠಿಣ. ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆ, ಮೈ ಊದುತ್ತದೆ, ಕೂಸಿಗೆ ಶೀತವಾಗುತ್ತದೆ ಎಂದು ದಿನಕ್ಕೆ ಒಂದೆರಡು ಲೋಟ ಬಿಸಿನೀರಿನಲ್ಲಿಯೇ ಕಳೆಯಿಸುವ ಮನೆಗಳು ಈಗಲೂ ಇವೆ. ಬಾಗಿಲು ಕಿಟಕಿ ಮುಚ್ಚಿದ ಕೋಣೆ, ಕೆಂಡದ ಕಾವು, ಕೊತಕೊತ ಕುದಿಯುವ ನೀರಿನ ಎರೆತ, ಮೆಣಸಿನ ಖಾರ ಇವೆಲ್ಲ ಮೈಯ ನೀರನ್ನು ಬೆವರಾಗಿ ಇಳಿಸುತ್ತವೆ. ಮೊಲೆಹಾಲಿಗೆ ಬೇರೆ ನೀರು ಬೇಕು. ಹೆತ್ತಮ್ಮನೂ ಅಜ್ಜಿಯೂ ದ್ವೇಷದಿಂದ ಹೀಗೆ ಮಾಡುವುದಿಲ್ಲ. ಶುದ್ಧ ನೀರು ದೊರೆಯದಿದ್ದ ಕಾಲದಲ್ಲಿ, ಹಸಿ ಬಾಣಂತಿಗೆ ಕೆರೆಬಾವಿಯ ನೀರನ್ನು ಹಾಗೆಯೇ ಕೊಡುವುದಕ್ಕಿಂತ ಕೊಡದಿರುವುದೇ ಲೇಸೆಂದು ಅನುಭವಸ್ಥರಿಗೆ ತೋರಿದ್ದಿರಬಹುದು. ಇಂದು ಕುದಿಸಿ ಆರಿಸಿದ ನೀರು ಪ್ರತಿ ಮನೆಯಲ್ಲೂ ಸಾಧ್ಯ. ಎಣ್ಣೆ ಎರೆಯುವುದು, ಅಂಟಿನುಂಡೆ, ಹಗಲು ನಿದ್ದೆ, ಮನೆಗೆಲಸದಿಂದ ಬಿಡುವು ಇವೆಲ್ಲ ಬಾಣಂತನದ ಹಿರಿಮೆಗಳು; ಅವು ಇರಲಿ. ನೀರು ಮಾತ್ರ ಬಾಯಾರಿದಷ್ಟೂ ಸಿಗಲಿ, ಪ್ರತಿ ಸಲ ಹಾಲೂಡಿಸಿದ ಮೇಲೆ ಒಂದು ಲೋಟವಾದರೂ ಇರಲಿ. ಬಚ್ಚಲಿಗೆ ಹೋಗುವುದನ್ನು ತಪ್ಪಿಸಲೆಂದು ತಾನೇ ನೀರು ಬಿಡುವ ಬಾಣಂತಿಯೂ ಇದ್ದಾಳೆ. ಅಂಥವಳಿಗೆ ಕೋಣೆಯ ಬಳಿಯೇ ಅನುಕೂಲ ಮಾಡಿಕೊಡಬೇಕು. ಹೆರಿಗೆಯಾದ ಮರುದಿನದಿಂದಲೇ ಮೆಲ್ಲನೆ ಎದ್ದು ಓಡಾಡುವುದೂ ರಕ್ತ ಹೆಪ್ಪುಗಟ್ಟದಿರಲು ನೆರವಾಗುತ್ತದೆ.

ಇಷ್ಟು ಮಾಡಿದರೆ ರೋಗ ಬರುವುದೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಆದ್ದರಿಂದಲೇ ಲಕ್ಷಣಗಳನ್ನು ಗುರುತಿಸುವುದು ಮುಖ್ಯ. ಹತ್ತನೆಯ ದಿನದ ಒಬ್ಬ ಬಾಣಂತಿಯನ್ನು ಊಹಿಸಿಕೊಳ್ಳೋಣ. ಎರಡು ದಿನದಿಂದ ತಲೆ ಸಿಡಿಯುತ್ತಿದೆ ಎನ್ನುತ್ತಾಳೆ. ಕಿವಿಗೆ ಹತ್ತಿಯಿಟ್ಟು ತಲೆಗೆ ಬಟ್ಟೆ ಬಿಗಿಯುತ್ತಾರೆ. ಮೂರನೆಯ ದಿನ ಒಂದು ಕೈ ಅದುರಿ, ಮೈಯೆಲ್ಲ ಸೆಟೆದು ಫಿಟ್ಸ್ ಬರುತ್ತದೆ. ಬಳಿಕ ಏನೇನೋ ಬಡಬಡಿಸುತ್ತಾಳೆ. ಹಿಂದಿನವರು ಇದನ್ನು ಬಾಣಂತಿ ಸನ್ನಿ ಎಂದರು, ಗಾಳಿ ಸೋಂಕೆಂದರು. ತಾಯಿತ ಕಟ್ಟಿಸಲು ಓಡಿದರು. ಸನ್ನಿಯೆಂಬ ಆ ಒಂದೇ ಹೆಸರಿನಡಿಯಲ್ಲಿ ಬೇರೆ ಬೇರೆ ವ್ಯಾಧಿಗಳು ಅಡಗಿವೆ. ಸೋಂಕಿನ ಜ್ವರ, ಏರಿದ ರಕ್ತದೊತ್ತಡದಿಂದ ಬರುವ ಫಿಟ್ಸ್, ಬಾಣಂತನದ ಮನೋವ್ಯಾಧಿ, ಮಿದುಳಿನ ಅಭಿಧಮನಿಯ ಹೆಪ್ಪು ಎಲ್ಲವೂ ಸೇರಿವೆ, ಎಲ್ಲಕ್ಕೂ ಚಿಕಿತ್ಸೆಯಿದೆ. ತಾಯಿತ ಕಟ್ಟಿಸಿಯೇ ಹೋಗುತ್ತೇವೆ ಎನ್ನುವವರು ಆಂಬುಲೆನ್ಸ್ ಹತ್ತಿದ ಮೇಲೆ ಕಟ್ಟಿಸಲಿ.

ಸಿಸೇರಿಯನ್‌ಗಾಗಿ ಬೆನ್ನಿಗೆ ಮದ್ದು ಕೊಟ್ಟ ಬಳಿಕ ಕೆಲವರಿಗೆ ತಲೆನೋವು ಬರುವುದುಂಟು. ಅದು ಎದ್ದು ಕುಳಿತರೆ ಹೆಚ್ಚಿ, ಮಲಗಿದರೆ ಇಳಿಯುತ್ತದೆ. ಕೆಲವು ದಿನಗಳಲ್ಲಿ ಮಾಯವಾಗುತ್ತದೆ. ಹಾಗಿಲ್ಲದೆ ಮಲಗಿದರೂ ಬಿಡದ ನೋವು, ಅಥವಾ ಮೊದಲು ಮಲಗಿದರೆ ಇಳಿಯುತ್ತಿದ್ದು ಈಗ ಸದಾ ಕಾಡುವ ನೋವು ಇದ್ದರೆ, ಸೂಜಿಯ ನೋವೇ ಇರಬೇಕೆಂದು ಕಾಯಬಾರದು.

ಇಂಥ ಸಂದರ್ಭದಲ್ಲಿ 108ಕ್ಕೆ ಕರೆ ಮಾಡಬೇಕು. ಬಾಣಂತಿ ಎಂಬುದನ್ನೂ, ಹೆರಿಗೆಯಾಗಿ ಎಷ್ಟು ದಿನವಾಯಿತೆಂಬುದನ್ನೂ ಮೊದಲೇ ಹೇಳಬೇಕು. ಕಿಕ್ಕೇರಿ ಸುತ್ತಿನವರಿಗೆ ಕೃಷ್ಣರಾಜಪೇಟೆಯ ತಾಲ್ಲೂಕು ಆಸ್ಪತ್ರೆ ಹತ್ತಿರ. ಫಿಟ್ಸ್ ನಿಲ್ಲಿಸಿ, ರಕ್ತದೊತ್ತಡ ನೋಡಿ, ಮುಂದಕ್ಕೆ ಕಳುಹಿಸುವ ಕೆಲಸ ಅಲ್ಲಿ ಆಗುತ್ತದೆ. ಮುಂದೆ ಮಂಡ್ಯದ ವೈದ್ಯಕೀಯ ವಿಜ್ಞಾನ ಸಂಸ್ಥೆ, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆ, ಮೈಸೂರಿನ ಕೆ.ಆರ್. ಆಸ್ಪತ್ರೆ, ಜೆ.ಎಸ್.ಎಸ್. ಆಸ್ಪತ್ರೆ ಇವೆ, ಮಿದುಳಿನ ಶಸ್ತ್ರಚಿಕಿತ್ಸೆಯ ಅಗತ್ಯ ಬಿದ್ದರೆ ನಿಮ್ಹಾನ್ಸ್ ಇದೆ. ಮೊದಲ ಸಾಮಾನ್ಯ ಸಿಟಿ ಸ್ಕ್ಯಾನಿನಲ್ಲಿ ಏನೂ ಕಾಣದಿರುವ ಸಂಭವವಿದೆ ಎಂಬುದನ್ನು ಬಂಧುಗಳು ತಿಳಿದಿರಬೇಕು. ಸ್ಕ್ಯಾನ್ ಸರಿಯಾಗಿದೆ ಎಂದು ಮನೆಗೆ ಹೊರಡುವ ಮೊದಲು, ಅಭಿಧಮನಿಗಳ ಚಿತ್ರಣ ಬೇಕೇ ಎಂದು ವೈದ್ಯರನ್ನು ವಿನಯದಿಂದ ಕೇಳಿದರೆ ತಪ್ಪಿಲ್ಲ.

ಇದು ಹೆಂಗಸರ ರೋಗ, ನಮಗೇಕೆ ಎಂದು ಗಂಡಸರು ಪುಟ ತಿರುಗಿಸಬಾರದು. ಹೈದರಾಬಾದಿನ ನಿಜಾಮ್ಸ್ ಸಂಸ್ಥೆಯ ವೈದ್ಯರು ಅಭಿಧಮನಿ ಹೆಪ್ಪಿನ 428 ರೋಗಿಗಳ ವಿವರವನ್ನು 2012ರಲ್ಲಿ ಪ್ರಕಟಿಸಿದಾಗ ಅವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಪುರುಷರೇ ಆಗಿದ್ದರು. ರಕ್ತಹೀನತೆ, ಹೋಮೋಸಿಸ್ಟೀನ್ ಏರಿಕೆಗಳೊಡನೆ ಮದ್ಯಪಾನವೂ ಕಾರಣಗಳ ಸಾಲಿನಲ್ಲಿತ್ತು.

ಮಠದ ಭಕ್ತರಿಗೆ ಹೇಳಲೇಬೇಕಾದ ಮತ್ತೊಂದು ಸಂಗತಿಯಿದೆ. ಜಾತ್ರೆ, ಮದುವೆ, ಗೃಹಪ್ರವೇಶ, ತೀರ್ಥಯಾತ್ರೆಗಳ ಹೊತ್ತಿಗೆ ಮುಟ್ಟು ಮುಂದೂಡಲು ಅಂಗಡಿಯಿಂದ ಗುಳಿಗೆ ತಂದು ನುಂಗುವ ರೂಢಿ ಹಬ್ಬಿದೆ. ಇವು ಹಾರ್ಮೋನಿನ ಗುಳಿಗೆಗಳು. ರಕ್ತ ಹೆಪ್ಪುಗಟ್ಟುವ ಗುಣವನ್ನು ಇವು ಹೆಚ್ಚಿಸಬಲ್ಲವು. ಒಮ್ಮೆ ತೆಗೆದುಕೊಂಡ ಎಲ್ಲರಿಗೂ ಕೇಡಾಗುತ್ತದೆ ಎಂದಲ್ಲ. ಆದರೆ ಉಪವಾಸ, ಬಿಸಿಲು, ದೀರ್ಘ ಬಸ್ ಪ್ರಯಾಣ, ನೀರು ಕುಡಿಯದಿರುವುದು ಇವುಗಳೊಡನೆ ಸೇರಿದಾಗ ಅಪಾಯದ ಮೇಲೆ ಅಪಾಯ. ಮನೆಯಲ್ಲಿ ಯಾರಿಗಾದರೂ ಕಾಲಿನಲ್ಲೋ ಶ್ವಾಸಕೋಶದಲ್ಲೋ ಮಿದುಳಿನಲ್ಲೋ ರಕ್ತ ಹೆಪ್ಪುಗಟ್ಟಿದ ಚರಿತ್ರೆಯಿದ್ದರೆ ವೈದ್ಯರನ್ನು ಕೇಳದೆ ಇವನ್ನು ಮುಟ್ಟಲೇಬಾರದು. ಅದೂ ಅಲ್ಲದೆ ನಮ್ಮ ಶರಣರು ಪಂಚಸೂತಕಗಳನ್ನು ಒಪ್ಪಲಿಲ್ಲ. ರಜಸ್ಸಿನ ಸೂತಕವೂ ಜನನದ ಸೂತಕವೂ ಅವುಗಳಲ್ಲಿ ಸೇರಿವೆ. ಇಷ್ಟಲಿಂಗ ಧರಿಸಿದ ಹೆಣ್ಣುಮಗಳು ಮಠದ ಜಾತ್ರೆಗೆ ಬರಲು ಗುಳಿಗೆ ನುಂಗಬೇಕಾದ ಅಗತ್ಯ ನಮಗೆ ಕಾಣದು.

ಅಭಿಧಮನಿಯ ಹೆಪ್ಪಿನಿಂದ ಚೇತರಿಸಿಕೊಂಡ ತಾಯಂದಿರು ಕೇಳುವ ಪ್ರಶ್ನೆಗಳು ಕೆಲವಿವೆ. ಕೂಸಿಗೆ ಹಾಲೂಡಿಸಬಹುದೇ? ಹೆಪಾರಿನ್ ಸೂಜಿಮದ್ದು, ಅನಂತರ ಕೊಡುವ ವಾರ್ಫರಿನ್ ಗುಳಿಗೆ ಎರಡರಿಂದಲೂ ಎದೆಹಾಲಿಗೆ ಬಾಧಕವಿಲ್ಲ, ಊಡಿಸಬಹುದು. ಹೊಸ ಬಗೆಯ ಗುಳಿಗೆಗಳನ್ನು ಕೊಟ್ಟಿದ್ದರೆ ಮಾತ್ರ ವೈದ್ಯರನ್ನು ಕೇಳಬೇಕು. ಮದ್ದು ಎಷ್ಟು ಕಾಲ? ಕಾರಣವನ್ನನುಸರಿಸಿ ಮೂರರಿಂದ ಹನ್ನೆರಡು ತಿಂಗಳು. ವಾರ್ಫರಿನ್ ತೆಗೆದುಕೊಳ್ಳುವಾಗ ಹೇಳಿದ ದಿನಕ್ಕೆ ರಕ್ತಪರೀಕ್ಷೆ ತಪ್ಪಬಾರದು. ಮತ್ತೆ ಬಸುರಾಗಬಹುದೇ? ಆಗಬಹುದು. ಆದರೆ ವಾರ್ಫರಿನ್ ಬಸುರಿನ ಮೊದಲ ತಿಂಗಳುಗಳಲ್ಲಿ ಶಿಶುವಿಗೆ ಹಾನಿಕರವಾದ್ದರಿಂದ ಮೊದಲೇ ವೈದ್ಯರಿಗೆ ತಿಳಿಸಿ ಮದ್ದು ಬದಲಿಸಿಕೊಳ್ಳಬೇಕು. ಮುಂದಿನ ಬಸುರು ಬಾಣಂತನಗಳಲ್ಲಿ ತಡೆಗಾಗಿ ಹೆಪಾರಿನ್ ಬೇಕಾಗಬಹುದು. ಎರಡು ಮಕ್ಕಳ ನಡುವೆ ಅಂತರ ಬಯಸುವವರು ಈಸ್ಟ್ರೋಜೆನ್ ಇರುವ ಗುಳಿಗೆಗಳನ್ನು ತೆಗೆದುಕೊಳ್ಳಬಾರದು. ತಾಮ್ರದ ವಂಕಿಯಂಥ ಬೇರೆ ಉಪಾಯಗಳಿವೆ. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಡುವ ಚೀಟಿಯನ್ನು ತಾಯಿ ಕಾರ್ಡಿನೊಡನೆಯೇ ಜೋಪಾನವಾಗಿಟ್ಟು, ಊರಿನ ಆಶಾ ಕಾರ್ಯಕರ್ತೆಗೂ ಒಮ್ಮೆ ತೋರಿಸಿರಬೇಕು.